ಹದ್ದು ಆರಿಸಿದ ವಜ್ರ

ವಜ್ರಕ್ಕೆ ಸಾಣೆ ಹಿಡಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ಬೇರೆಯವರು ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿ ಸರಿಯಿದೆ ಎಂದು ಕೈಬಿಟ್ಟ ಕಲ್ಲಿನಲ್ಲಿ ಅವಳು ಒಂದೇ ನೋಟಕ್ಕೆ ಕೂದಲೆಳೆಯಷ್ಟು ಗೀರು ತೋರಿಸುತ್ತಿದ್ದಳು. ಹೆಸರಿಟ್ಟವಳು ದೊಡ್ಡಕ್ಕ, ಆ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯಳು. ಸಾಣೆಚಕ್ರದ ಮುಂದೆ ಕೂತೂ ಕೂತೂ ಅವಳ ಬೆನ್ನು ಬಿಲ್ಲಾಗಿತ್ತು.

ಹದ್ದಿನ ಮದುವೆ ಗೊತ್ತಾದದ್ದು ಲಿಫ್ಟ್ ರಿಪೇರಿ ಮಾಡುವವನೊಬ್ಬನ ಜೊತೆ. ಕಾರ್ಖಾನೆಯ ಲಿಫ್ಟು ಒಮ್ಮೆ ಎರಡು ಮಹಡಿಗಳ ನಡುವೆ ನಿಂತುಬಿಟ್ಟಾಗ ಒಳಗೆ ಸಿಕ್ಕಿಕೊಂಡವಳು ಇವಳು. ಮೇಲಿನಿಂದ ಟಾರ್ಚು ಬಿಟ್ಟು "ಹೆದರಬೇಡಿ" ಎಂದವನು ಅವನು. "ಹೆದರಿಲ್ಲ. ನಿಮ್ಮ ಟಾರ್ಚಿನ ಗಾಜು ಬಿರುಕು ಬಿಟ್ಟಿದೆ, ನೋಡ್ಕೊಳ್ಳಿ" ಎಂದಿದ್ದಳಂತೆ. ಅಲ್ಲಿ ಶುರುವಾದ ಮಾತು ಉಂಗುರದವರೆಗೂ ಬಂತು.

ಉಂಗುರಕ್ಕೆ ವಜ್ರವೇ ಆಗಬೇಕು ಎಂದವಳು ಹುಡುಗನ ತಾಯಿ. ಇಸ್ತ್ರಿ ಅಂಗಡಿ ಇಟ್ಟುಕೊಂಡು ಒಬ್ಬಳೇ ಮಗನನ್ನು ಬೆಳೆಸಿದವಳು. "ದಿನಾ ಯಾರ್ಯಾರ ಬೆರಳಿಗೋ ಮಾಡಿಕೊಡ್ತೀಯಲ್ಲಮ್ಮ, ನಿನ್ನ ಬೆರಳಿಗೂ ಒಂದಿರಲಿ" ಎಂದಳು. ಹದ್ದಿಗೆ ಅಂಥ ಆಸೆಯೇನೂ ಇರಲಿಲ್ಲ. ವಜ್ರವೆಂದರೆ ಅವಳಿಗೆ ಕೆಲಸ. ದಪ್ಪ ಪರದೆ ಎಳೆದ ಕೋಣೆ, ಪ್ರತಿಯೊಬ್ಬರ ತಲೆಯ ಮೇಲೂ ಒಂದು ದೀಪ, ಗುಂಯ್ ಎನ್ನುವ ಕಬ್ಬಿಣದ ಚಕ್ರ, ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ. ವಜ್ರವನ್ನು ವಜ್ರವೇ ತೇಯಬೇಕು. ಹಿಡಿಕೆಯೊಳಗೆ ಕಚ್ಚಿಸಿದ ಕಲ್ಲಿನ ಒಂದು ಮುಖವಷ್ಟೇ ಹೊರಗೆ ಕಾಣುತ್ತದೆ. ಅದನ್ನು ಮುಗಿಸಿ, ತಿರುಗಿಸಿ ಇನ್ನೊಂದು. ಕೊನೆಯ ಮುಖ ಮುಗಿದಾಗ ಕಲ್ಲು ಎಣ್ಣೆ, ಕಪ್ಪು ಮಸಿ ಮೆತ್ತಿಕೊಂಡಿರುತ್ತದೆ. ಹಾಗೆಯೇ ಪೊಟ್ಟಣ ಕಟ್ಟಿ ಮೇಲಿನ ಮಹಡಿಗೆ ತೊಳೆಯಲು ಕಳಿಸುತ್ತಾರೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೋ, ಯಾರ ಕೈ ಸೇರುತ್ತದೋ ಅವರಿಗೆ ತಿಳಿಯದು.

ಮೂವರೂ ವಜ್ರದಂಗಡಿಗೆ ಹೋದರು. ಅಂಗಡಿಯವನು ತೆಳ್ಳನೆಯ, ಮೆದುಮಾತಿನ ಮನುಷ್ಯ. ಕಪ್ಪು ಬಟ್ಟೆ ಹಾಸಿದ ತಟ್ಟೆಯಲ್ಲಿ ಬಿಡಿ ಕಲ್ಲುಗಳನ್ನು ಸಾಲಾಗಿಟ್ಟ. ಹದ್ದು ಚೀಲದಿಂದ ತನ್ನದೇ ಭೂತಗನ್ನಡಿ ತೆಗೆದು, ಚಿಮಟದಿಂದ ಕಲ್ಲೆತ್ತಿ, ಕಣ್ಣಿಗೆ ಒತ್ತಿಕೊಂಡಳು.

"ಇದರ ಮೇಲ್ಮುಖ ಓರೆಯಾಗಿದೆ. ಇದರಲ್ಲಿ ಗರಿಯ ಥರ ಬಿರುಕು. ಇದರ ಗೆರೆಗಳು ತುದೀಲಿ ಸೇರಿಲ್ಲ, ಯಾರೋ ಊಟಕ್ಕೆ ಅವಸರ ಮಾಡಿದ್ದಾರೆ. ಇದರಲ್ಲಿ ಕಪ್ಪು ಚುಕ್ಕೆ."

"ಹೌದು, ಅದಿದೆ. ನಾನೇ ಹೇಳೋನಿದ್ದೆ" ಎಂದು ಅಂಗಡಿಯವನು ಒಪ್ಪಿಕೊಂಡ. ಬೇಡವೆಂದ ಕಲ್ಲುಗಳು ತಟ್ಟೆಯ ಒಂದು ಮೂಲೆಯಲ್ಲಿ ಗುಡ್ಡೆಯಾದವು. ಅವನು ಇನ್ನೊಂದು ತಟ್ಟೆ ತಂದ. ಅದಕ್ಕೂ ಅದೇ ಗತಿ.

"ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದ್ದೆ," ಎಂದಳು ಅತ್ತೆಯಾಗುವವಳು, "ಕಲ್ಲಲ್ಲೇ ಕಲ್ಲು ಹುಡುಕೋಳನ್ನ ಇವತ್ತೇ ನೋಡಿದ್ದು."

"ನನ್ನನ್ನ ಹೇಗೆ ಪಾಸ್ ಮಾಡಿದ್ಲೋ ಗೊತ್ತಿಲ್ಲ" ಎಂದ ಮಗ.

"ಲಿಫ್ಟಲ್ಲಿ ಕತ್ತಲಿತ್ತು" ಎಂದಳು ಹದ್ದು, ಕಣ್ಣಿನಿಂದ ಗಾಜು ತೆಗೆಯದೆ.

ಅತ್ತೆ ಕುರ್ಚಿಯಿಂದೆದ್ದಳು. "ನನಗಂತೂ ಈ ದೀಪದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತೆ. ಬಟ್ಟೇಲಿ ಕಲೆ ಇದ್ಯಾ ನೋಡ್ಬೇಕಾದ್ರೆ ನಾನು ಬಾಗಿಲಿಗೆ ತರ್ತೀನಿ. ಇದನ್ನ ಹೊರಗೆ ಒಯ್ಯಬಹುದಾ?"

"ಒಯ್ಯಿರಿ. ನಾನೂ ಬರ್ತೀನಿ. ಬೀದೀಲಿ ಬಿದ್ರೆ ಹುಡುಕೋಕೆ ಒಬ್ಬರು ಸಾಲಲ್ಲ" ಎಂದ ಅಂಗಡಿಯವನು. ಅತ್ತೆ ಮೂಲೆಯ ಗುಡ್ಡೆಯಲ್ಲಿ ಕಣ್ಣಿಗೆ ಬಿದ್ದದ್ದೊಂದನ್ನು ತೋರಿಸಿದಳು. ಅವನು ಅದನ್ನೆತ್ತಿ ಅವಳ ಎರಡು ಬೆರಳುಗಳ ಸಂದಿನಲ್ಲಿ, ಉಂಗುರದಲ್ಲಿ ಕೂರುವಂತೆಯೇ ಕೂರಿಸಿ, ಕೆಳಗೆ ತನ್ನ ಬೊಗಸೆ ಹಿಡಿದುಕೊಂಡೇ ಬಾಗಿಲವರೆಗೆ ಬಂದ.

ಹೊರಗೆ ಬಿಸಿಲು ಬಿದ್ದಿತ್ತು. ಅತ್ತೆ ಕೈ ಮುಂದೆ ಚಾಚಿದಳು. ವರ್ಷಗಟ್ಟಲೆ ಇಸ್ತ್ರಿಪೆಟ್ಟಿಗೆ ಎತ್ತಿದ ಕೈ. ಗೆಣ್ಣುಗಳ ಮೇಲೆ ಹಳೆಯ ಸುಟ್ಟ ಕಲೆಗಳು. ಚಾಚಿ ಹಿಡಿದರೆ ಅದು ಸಣ್ಣಗೆ ನಡುಗುತ್ತಿತ್ತು. ಆ ನಡುಕಕ್ಕೆ ಕಲ್ಲು ಹೊತ್ತಿಕೊಂಡಿತು.

ಹದ್ದು ಅವರ ಹಿಂದೆಯೇ ಬಾಗಿಲಿಗೆ ಬಂದಿದ್ದಳು. ಒಂದು ಚೂರು ಕೆಂಪು ಹಾರಿ, ಅದಿದ್ದ ಜಾಗದಲ್ಲಿ ನೀಲಿ ಬಂತು. ನೀಲಿ ಆರುವ ಮೊದಲೇ ಬಿಳಿ ಬೆಳಕೊಂದು ಸೂಜಿಯಂತೆ ಕಣ್ಣಿಗೆ ಚುಚ್ಚಿತು. ಎದುರಿಗೆ ಬಸ್ಸೊಂದು ಹಾದುಹೋದಾಗ ಕಲ್ಲಿನೊಳಗೆ ಅಷ್ಟೂ ಮುಖಗಳಲ್ಲಿ ಏನೋ ಸರಸರನೆ ಹರಿದು ಮತ್ತೆ ಬೆಳಗಿತು. ಇವಳು ಬಲ್ಲ ಮುಖಗಳೇ. ಯಾವುದರ ಓರೆ ಎಷ್ಟು, ಯಾವುದನ್ನು ಯಾವುದರ ನಂತರ ತೇಯಬೇಕು, ಎಲ್ಲ ಅವಳ ಬೆರಳಿಗೆ ಬಾಯಿಪಾಠ. ಆದರೆ ಅವೆಲ್ಲ ಒಟ್ಟಿಗೆ ಸೇರಿ ಹೀಗೆ ಮಾಡುತ್ತವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲವೇನೋ.

"ನನಗೆ ಕೊಡಿ ಅತ್ತೆ" ಎಂದಳು. ಮದುವೆಗೆ ಮೊದಲೇ ಅತ್ತೆ ಎಂದು ಕರೆದದ್ದು ಅವಳ ಗಮನಕ್ಕೇ ಬರಲಿಲ್ಲ.

ತನ್ನ ಬೆರಳ ಸಂದಿನಲ್ಲಿ ಇಟ್ಟುಕೊಂಡು ಕೈಯನ್ನು ಕಲ್ಲಿನಂತೆ ಬಿಗಿಹಿಡಿದಳು. ಚಕ್ರದ ಮೇಲೆ ಕೂದಲಷ್ಟೂ ಅಲುಗದ ಕೈ ಅದು. ಆದರೂ ವಜ್ರ ಸುಮ್ಮನಾಗಲಿಲ್ಲ. ಮಿಂಚಿತು, ಆರಿತು, ಮಿಂಚಿತು. ಅದು ತನ್ನ ನಾಡಿಯ ಬಡಿತವೆಂದು ಅವಳಿಗೆ ತಿಳಿಯಲು ತುಸು ಹೊತ್ತೇ ಹಿಡಿಯಿತು.

"ಏನಾಯ್ತು?" ಎಂದ ಹುಡುಗ. "ಕಣ್ಣಿಗೆ ಧೂಳು ಬಿತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಒಳಗೆ ಬಂದು, ಅಭ್ಯಾಸಬಲದಿಂದ ಭೂತಗನ್ನಡಿ ಹಿಡಿದು ನೋಡಿದಳು. ಕಪ್ಪು ಚುಕ್ಕೆಯ ಕಲ್ಲೇ ಅದು. ಚುಕ್ಕೆ ಇದ್ದಲ್ಲೇ ಇತ್ತು.

"ಇದೇ ಇರಲಿ" ಎಂದಳು.

ನಿಶ್ಚಿತಾರ್ಥ ಮುಗಿದು ಕೆಲಸಕ್ಕೆ ಹೋದ ದಿನ ಅವಳ ಬೆರಳು ಬರಿದಾಗಿತ್ತು. ಆಭರಣ ತೊಟ್ಟು ಕಾರ್ಖಾನೆಯೊಳಗೆ ಬರುವಂತಿಲ್ಲ.

"ಹೇಗಿದೆಯೇ ಉಂಗುರ?" ಎಂದು ದೊಡ್ಡಕ್ಕ ಕೇಳಿದಳು.

"ಹೇಳೋಕೆ ಬರಲ್ಲ ಅಕ್ಕ. ನೋಡ್ಬೇಕು."

"ವಜ್ರ ನೋಡದೇ ಇರೋಳಾ ನಾನು?"

"ಇಲ್ಲ ಅಕ್ಕ, ನೋಡಿಲ್ಲ. ನಾವ್ಯಾರೂ ನೋಡಿಲ್ಲ."

ಮಾರನೆಯ ದಿನ ಊಟದ ಬಿಡುವಿನಲ್ಲಿ ಹುಡುಗ ಗೇಟಿನ ಹೊರಗೆ ಬಂದು ನಿಂತ. ಲಿಫ್ಟಿನ ಗ್ರೀಸು ಮೆತ್ತಿದ ಅಂಗಿಯ ಜೇಬಿನಲ್ಲಿ, ಸ್ಕ್ರೂ ತುಂಬುವ ಡಬ್ಬಿಯೊಳಗೆ, ಹತ್ತಿಯಲ್ಲಿ ಸುತ್ತಿದ ಉಂಗುರ. ಸಾಣೆಕೋಣೆಯ ಹೆಂಗಸರೆಲ್ಲ ಕೈತೊಳೆದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದರು. ಉಂಗುರ ಕೈಯಿಂದ ಕೈಗೆ ಹೋಯಿತು. ಮೊದಲನೆಯವಳು ರೂಢಿಯಂತೆ ಹುಳುಕು ಹುಡುಕಲು ಕಣ್ಣಿನ ಹತ್ತಿರಕ್ಕೆ ತಂದಳು. "ದೂರ ಹಿಡಿ" ಎಂದಳು ಹದ್ದು. ಹಿಡಿದಳು. ಹಿಡಿದವಳು ಸುಮ್ಮನಾದಳು. ಆಮೇಲಿನವಳೂ ಸುಮ್ಮನಾದಳು. ಊಟದ ಹೊತ್ತಿನಲ್ಲಿ ಸಂತೆಯಂತೆ ಗದ್ದಲ ಹಾಕುವ ಗುಂಪು ಅದು. ಕಾವಲುಗಾರ ಏನೋ ಆಗಿದೆಯೆಂದು ಕುರ್ಚಿ ಬಿಟ್ಟೆದ್ದು ಬಂದ.

ಕೊನೆಗೆ ದೊಡ್ಡಕ್ಕನ ಸರದಿ. ಗೆಣ್ಣು ಊದಿದ ಅವಳ ಬೆರಳುಗಳಲ್ಲಿ ಉಂಗುರ ಕಿರುಬೆರಳಿಗೆ ಮಾತ್ರ ಹೋಯಿತು. ಗೋಡೆಯ ನೆರಳಿನಿಂದ ಈಚೆ ಬಂದು ಕೈ ಚಾಚಿದಳು. ಬಹಳ ಹೊತ್ತು ನೋಡಿದಳು.

"ನಾವು ಮಾಡ್ತಿದ್ದದ್ದು ಇದನ್ನಾ?" ಎಂದಳು.

"ಇದನ್ನೇ ಅಕ್ಕ."

"ಎಷ್ಟು ಕಳಿಸಿದೀವಿ ಕಣೇ, ಮೇಲಿನ ಮಹಡಿಗೆ. ಮಸಿ ಬಳ್ಕೊಂಡು ಹೋಗ್ತಿದ್ವು. ನಾನು ಒಂದ್ಸಲಾನೂ ಹಿಂದೆ ತಿರುಗಿ ನೋಡಿರಲಿಲ್ಲ."

ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ. ಕರೆಯಲು ಬಂದ ಮೇಲ್ವಿಚಾರಕ ಬಾಯಿ ತೆರೆದವನು, ದೊಡ್ಡಕ್ಕನ ಮುಖ ನೋಡಿ, ಅವಳು ನೋಡುತ್ತಿದ್ದ ಕಡೆಗೆ ನೋಡಿ, ಕೈಕಟ್ಟಿ ನಿಂತುಕೊಂಡ. ಅವಳು ಬಿಸಿಲಲ್ಲಿ ಮಣಿಕಟ್ಟನ್ನು ಮೆಲ್ಲಗೆ ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.