ಕುಂಟು ಕುದುರೆಯ ಚೀಟಿ

ಸೈರಗುಲ್ ಅತ್ತಿಗೆ ಹಿಟ್ಟು ನಾದುವ ಜಾಗದ ಸುತ್ತ ಗೋಡೆಯೆಲ್ಲ ನೋಟ್ಸು. ಎಡಕ್ಕೆ ಕಾನೂನು, ಬಲಕ್ಕೆ ವಿಜ್ಞಾನ, ಒಲೆಯ ಮೇಲ್ಗಡೆ ಸಾಹಿತ್ಯ, ಬಾಗಿಲ ಹಿಂದೆ ವ್ಯಾಪಾರ. ಅಂಟಿಸಿದ್ದೂ ಅದೇ ಹಿಟ್ಟಿನಿಂದ. ಬರೆದುಕೊಟ್ಟವನು ಮೈದುನ ಸಿರ್ಗಾಕ್.

ಊರ ಶಿಶುವಿಹಾರದಲ್ಲಿ ಅತ್ತಿಗೆ ಎಷ್ಟೋ ವರ್ಷದಿಂದ ಆಯಾ. ಹೊಸದಾಗಿ ಬಂದ ಮೇಲ್ವಿಚಾರಕಿ, ಡಿಪ್ಲೊಮಾ ಇಲ್ಲದವರು ಇನ್ನು ಮಕ್ಕಳ ಕೋಣೆಗೆ ಕಾಲಿಡುವಂತಿಲ್ಲ, ಬಟ್ಟೆ ಒಗೆಯುವ ಕೋಣೆಗೆ ಹೋಗಬೇಕು ಎಂದುಬಿಟ್ಟಳು. ಹಾಗಾಗಿ ನಲವತ್ತು ದಾಟಿದ ಮೇಲೆ ಅತ್ತಿಗೆ ನರಿನ್ ಪಟ್ಟಣದ ಕಾಲೇಜಿಗೆ ಅಂಚೆ ಶಿಕ್ಷಣಕ್ಕೆ ಸೇರಿದಳು. ಮೊದಲ ವರ್ಷ ನಾಲ್ಕು ವಿಷಯ. ಮೂರು ಪಾಸಾಗಿದ್ದವು. ಕಾನೂನು ಮಾತ್ರ ಒಮ್ಮೆ ಕೈಕೊಟ್ಟಿತ್ತು. ಇನ್ನೊಮ್ಮೆ ಕೈಕೊಟ್ಟರೆ ಕಾಲೇಜಿನಿಂದಲೇ ಹೊರಗೆ.

ಸಿರ್ಗಾಕ್ ಅದೇ ಕಾಲೇಜಿನಲ್ಲಿ ಕಾನೂನು ಓದುತ್ತಿದ್ದ. ಓದುತ್ತಿದ್ದ ಎಂದರೆ, ಎರಡು ಸಿನಿಮಾಗಳ ನಡುವೆ ಬಿಡುವಿದ್ದಾಗ. ಚಹಾ ಬೇಕಾದರೂ ಬಾಗಿಲಿಗೆ ಒರಗಿ, ಕಣ್ಣು ಕಿರಿದು ಮಾಡಿ, "ಈ ಮನೇಲಿ ಒಬ್ಬ ಗಂಡಸು ಬಾಯಾರಿ ನಿಂತವ್ನೆ. ಇತಿಹಾಸ ಇದನ್ನ ಕ್ಷಮಿಸಲ್ಲ" ಅನ್ನುವ ಜಾತಿ.

ಸಾದಾ ನೋಟ್ಸ್ ಕೊಟ್ಟರೆ ಅತ್ತಿಗೆ ನಾದುತ್ತಲೇ ತೂಕಡಿಸುತ್ತಿದ್ದಳು. ಅದಕ್ಕೇ ಅವನು ಎಲ್ಲವನ್ನೂ ಡೈಲಾಗ್ ಮಾಡಿದ. ವಿಜ್ಞಾನದಲ್ಲಿ ಭೂಮಿ ಹೇಳುತ್ತಿತ್ತು: "ಎಷ್ಟು ಎತ್ತರಕ್ಕಾದ್ರೂ ಹಾರು ಮಗನೇ, ಕೊನೆಗೆ ಬಂದು ಬೀಳೋದು ನನ್ನ ಮೇಲೇ." ವ್ಯಾಪಾರದಲ್ಲಿ ಖರ್ಚು ಅನ್ನುವವನು ವಿಲನ್, ಮೊದಲ ಸೀನಿನಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾನೆ, ಲಾಭ ಅನ್ನುವ ಹೀರೋ ಬರುವುದು ಲೇಟು. ಸಾಹಿತ್ಯದಲ್ಲಿ: "ನಾಯಕಿ ಅಳ್ತಾಳೆ. ಯಾಕೆ ಅಂತ ಕೇಳ್ಬೇಡಿ, ಅದಕ್ಕೇ ಪೂರ್ತಿ ಅಂಕ." ಕಾನೂನಿನಲ್ಲಿ, ದೂರು ಕೊಟ್ಟವನೇ ಪುರಾವೆ ತರಬೇಕು ಅನ್ನುವ ಜಾಗದಲ್ಲಿ: "ಮೊದ್ಲು ತೋರ್ಸು. ಆಮೇಲೆ ಕೂಗು."

ಅಷ್ಟಕ್ಕೇ ಬಿಟ್ಟಿದ್ದರೆ ಅವನು ಸಿರ್ಗಾಕ್ ಹೇಗಾದಾನು? ಉದಾಹರಣೆ ಬಂದಲ್ಲೆಲ್ಲ ಮನೆಯವರ ಹೆಸರು ತುರುಕಿದ. ಸೇಬಿನ ಮರದಡಿ ತನ್ನ ಅಪ್ಪ ಸದಿರ್‌ಬೇಕ್, ಅಂಗಡಿಯಲ್ಲಿ ದೊಡ್ಡಪ್ಪ ಜುಮಾಷ್, ಮಿಕ್ಕಲ್ಲೆಲ್ಲ ತಾನೇ. ಸೊಸೆಯಾಗಿ ಬಂದವಳು ಗಂಡನ ಕಡೆಯವರ ಹೆಸರು ಬಾಯಲ್ಲಿ ತರುವುದುಂಟೇ? ಮೈದುನನದ್ದೂ ತರುವುದಿಲ್ಲ. ಅವಳು ಮದುವೆಯಾಗಿ ಬಂದ ದಿನ ಐದು ವರ್ಷದ ಸಿರ್ಗಾಕ್ ಮೂಗು ಸೋರಿಸಿಕೊಂಡು ಕರುವಿನ ಹಗ್ಗಕ್ಕೆ ಜೋತುಬಿದ್ದಿದ್ದ. ನೋಡಿದವಳೇ "ದೊರೆಮಗ" ಎಂದು ಹೆಸರಿಟ್ಟಳು. ಮರುವರ್ಷ ಅವನ ತಾಯಿ ತೀರಿಕೊಂಡಳು. ದೊರೆಮಗನ ಮೂಗು ಒರೆಸುವ ಕೆಲಸ ಅತ್ತಿಗೆಯ ಪಾಲಿಗೇ ಬಂತು.

"ಒಂದ್ಸಲ ಸಿರ್ಗಾಕ್ ಅಂತ ಓದಿಬಿಡಿ ಅತ್ತಿಗೆ. ಆಕಾಶ ಏನು ಬೀಳಲ್ಲ."

"ಆಕಾಶ ಬೀಳಲ್ಲ. ಲಟ್ಟಣಿಗೆ ಬೀಳುತ್ತೆ, ನಿನ್ನ ತಲೆ ಮೇಲೆ."

ಮಾರನೆಯ ದಿನ ನೋಡಿದರೆ ಎಲ್ಲ ಹೆಸರುಗಳ ಮೇಲೂ ಇದ್ದಿಲಿನ ಗೆರೆ. ಪಕ್ಕದಲ್ಲಿ ಮಾವನೋರು, ದೊಡ್ಡಮನೆಯೋರು, ದೊರೆಮಗ.

ಬಾಯಿಪರೀಕ್ಷೆಯ ಬೆಳಿಗ್ಗೆ ಕಾನೂನಿನ ಬೆಗಾಲಿ ಮೇಷ್ಟ್ರು ಪ್ರಶ್ನೆ ಚೀಟಿಗಳನ್ನು ಮೇಜಿನ ಮೇಲೆ ಬೋರಲು ಹರಡಿಸುತ್ತಿದ್ದರು. ಒಬ್ಬೊಬ್ಬರೂ ಒಂದನ್ನು ಎತ್ತಿ, ಅದರಲ್ಲಿದ್ದುದಕ್ಕೆ ಉತ್ತರ ಹೇಳಬೇಕು. ಹರಡುತ್ತಿದ್ದವನು ಸಿರ್ಗಾಕ್, ಹಾಜರಿ ಬರೆಯಲು ಅವನನ್ನೇ ಕೂರಿಸಿದ್ದರು. ಮಧ್ಯದಲ್ಲಿ ಒಂದು ಚೀಟಿ ಕಣ್ಣಿಗೆ ಬಿದ್ದದ್ದೇ ಅವನು ಅದರ ತುದಿಯನ್ನು ಮೆಲ್ಲಗೆ ಹರಿದ. ಹಿಂದೆ ಹಗಲು ತರಗತಿಯ ಪರೀಕ್ಷೆಗೆ ಇವೇ ಚೀಟಿಗಳನ್ನು ಟೈಪ್ ಮಾಡಿದವನು ಅವನೇ. "ಪ್ರತಿ ವರ್ಷ ಅವೇ ಹೆಸರು, ನಂಗೇ ಬೇಜಾರು. ಬೇರೆ ಏನಾದ್ರೂ ಹಾಕು" ಅಂದಿದ್ದರು ಮೇಷ್ಟ್ರು. ಇವನು ಒಂದು ಚೀಟಿಯಲ್ಲಿ ಇಡೀ ಮನೆಯನ್ನೇ ಹಾಕಿದ್ದ. ಅದೇ ಕಟ್ಟು ಅಂಚೆ ಶಿಕ್ಷಣದವರಿಗೂ ಬರುತ್ತದೆಂದು ಯಾರಿಗೆ ಗೊತ್ತಿತ್ತು?

"ಮೇಷ್ಟ್ರೇ, ಇದೊಂದು ಹರಿದೋಗಿದೆ. ತೆಗೆದಿಡ್ಲಾ?"

"ಹರಿದಿದ್ರೆ ಅಂಟಿಸು."

ಸರದಿ ಬಂದಾಗ ಅತ್ತಿಗೆ ಹೂವಿನ ಶಾಲು ಸರಿಮಾಡಿಕೊಂಡು, ಒಳಗೊಳಗೇ ದೇವರನ್ನು ನೆನೆದು, ಕೈ ಚಾಚಿದಳು. ಅಂಟಿಸಿದ ಚೀಟಿಯೇ ಬಂತು.

"ಗಟ್ಟಿಯಾಗಿ ಓದಿ ತಾಯಿ" ಅಂದರು ಮೇಷ್ಟ್ರು.

ಅತ್ತಿಗೆ ಚೀಟಿ ನೋಡಿದಳು. ಸಿರ್ಗಾಕ್‌ನನ್ನು ನೋಡಿದಳು. ಅವನು ಹಾಜರಿ ಪಟ್ಟಿಯಲ್ಲಿ ಮುಳುಗಿಹೋದ.

"ಒಬ್ಬರು... ಮಾವನೋರು, ದೊಡ್ಡಮನೆಯೋರಿಗೆ ಒಂದು ಹೆಣ್ಣು ಕುದುರೆ ಮಾರಿದ್ರು. ಮೂರು ವಾರ ಆದ್ಮೇಲೆ ಅದು ಕುಂಟೋಕೆ ಶುರುಮಾಡ್ತು. ಮೋಸ ಆಯ್ತು, ದುಡ್ಡು ವಾಪಸ್ ಕೊಡಿ ಅಂತ ಕೊಂಡೋರು ಕೋರ್ಟಿಗೆ ಹೋದ್ರು. ಇದರ ಮಧ್ಯೆ ಹದಿನೈದು ವರ್ಷದ... ದೊರೆಮಗ, ಮನೇಲಿ ಯಾರಿಗೂ ಹೇಳ್ದೆ ಕುದುರೆ ಜೀನನ್ನೂ ಅವರಿಗೇ ಮಾರ್ಬಿಟ್ಟ."

ಮೇಷ್ಟ್ರು ಕನ್ನಡಕ ತೆಗೆದರು. "ನನ್ನ ಚೀಟೀಲಿ ಮಾವನೋರು, ದೊರೆಮಗ ಅಂತ ಯಾರೂ ಇಲ್ಲವಲ್ಲ. ಹೆಸರಿದ್ದಂಗೆ ಓದಿ."

"ಓದೋ ಹಂಗಿಲ್ಲ ಮೇಷ್ಟ್ರೇ."

"ಅಕ್ಷರ ಬರಲ್ವಾ?"

"ಅಕ್ಷರ ಬರುತ್ತೆ. ಸಂಬಂಧ ಅಡ್ಡ ಬರುತ್ತೆ."

ಹಿಂದೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಸಿರ್ಗಾಕ್‌ಗೆ ಮಾತ್ರ ಒಗೆಯುವ ಕೋಣೆ ಕಣ್ಣಿಗೆ ಕಟ್ಟಿತು. ಸೋಪಿನ ನೀರಲ್ಲಿ ಅತ್ತಿಗೆಯ ಕೈ, ಪಕ್ಕದ ಕೋಣೆಯಲ್ಲಿ ಅವಳಿಗಾಗಿ ಅಳುವ ಮಕ್ಕಳು. ಎದ್ದು ನಿಂತು ತಪ್ಪು ನನ್ನದೇ ಎನ್ನೋಣವೆಂದು ಕುರ್ಚಿ ಹಿಂದಕ್ಕೆ ತಳ್ಳಿದ.

"ಹೋಗ್ಲಿ" ಅಂದರು ಮೇಷ್ಟ್ರು. "ಮಾರಿದೋನು ಮೋಸಗಾರ ಹೌದೋ ಅಲ್ವೋ? ಅಷ್ಟು ಹೇಳಿ."

ಅತ್ತಿಗೆಯ ಬೆನ್ನು ಸೆಟೆಯಿತು. ಅಲ್ಲಿಯವರೆಗೆ ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಪೂರಾ ಕೂತಳು.

"ಅವರು ಹಂಗೆಲ್ಲ ಮಾಡೋರಲ್ಲ."

"ನೀವು ಕಂಡಿದ್ದೀರೇನು?"

"ನಾನು ಕಂಡಿದ್ದು ಬಿಡಿ, ಕಾನೂನು ಏನು ಹೇಳುತ್ತೆ? ಮಾರಿದ ದಿನ ಕುದುರೆ ಕುಂಟ್ತಿತ್ತು ಅನ್ನೋಕೆ ಏನಿದೆ? ಪಶುವೈದ್ಯರ ಕಾಗದ ಇದ್ಯಾ? ಸಾಕ್ಷಿ ಇದ್ಯಾ? ಮೂರು ವಾರ ಅದನ್ನ ಬೆಟ್ಟದ ಹುಲ್ಲುಗಾವಲಿಗೆ ಹತ್ತಿಸಿದೋರು ಯಾರು? ಕಲ್ಲಿಗೆ ಕಾಲು ಕೊಟ್ಟಿರಬಹುದು, ಲಾಳ ಕಿತ್ತಿರಬಹುದು. ಮೋಸ ಅನ್ನೋರು ಮೊದ್ಲು ತೋರ್ಸಲಿ. ಆಮೇಲೆ ಕೂಗ್ಲಿ."

ಮೇಷ್ಟ್ರ ಹುಬ್ಬು ಮೇಲೇರಿ ಅಲ್ಲೇ ನಿಂತಿತು. "ಸರಿ. ಜೀನು?"

"ಹದಿನೈದು ವರ್ಷದೋನು. ಪೋಷಕರು ಬರೆದು ಒಪ್ಪಿಗೆ ಕೊಡ್ದೆ ಅಂಥ ದೊಡ್ಡ ಮಾಲು ಮಾರೋ ಹಂಗಿಲ್ಲ. ಪೋಷಕರು ಕೇಳ್ಕೊಂಡ್ರೆ ಕೋರ್ಟು ಆ ವ್ಯಾಪಾರ ರದ್ದು ಮಾಡುತ್ತೆ. ಜೀನು ಈ ಕಡೆ, ದುಡ್ಡು ಆ ಕಡೆ."

"ಪೋಷಕರು ಯಾರಂತ ಚೀಟೀಲಿ ಇಲ್ವಲ್ಲ."

"ಬರೆದೋನು ಮರೆತವ್ನೆ." ಅತ್ತಿಗೆ ಸಿರ್ಗಾಕ್‌ನ ಕಡೆ ತಿರುಗಲಿಲ್ಲ. "ನಾನಿದ್ದೀನಿ. ಸೈರಗುಲ್ ಅಂತ ಬರ್ಕೊಳ್ಳಿ. ದುಡ್ಡನ್ನ ಆಗ್ಲೇ ಸಿನಿಮಾಗೆ ಸುರಿದಿರ್ತಾನೆ, ಅದನ್ನೂ ನಾನೇ ತುಂಬ್ತೀನಿ. ಹುಡುಗನ್ನ ಮಾತ್ರ ಕೋರ್ಟಲ್ಲಿ ನಿಲ್ಲಿಸ್ಬೇಡಿ."

ಸಿರ್ಗಾಕ್ ಹಾಜರಿ ಪಟ್ಟಿಯ ಮೇಲೆ ಬಗ್ಗಿದ. ಅಕ್ಷರಗಳು ಯಾಕೋ ಒಂದರೊಳಗೊಂದು ಕಲಸಿಹೋಗಿದ್ದವು.

ಮೇಷ್ಟ್ರು ಅಂಕದ ಪುಸ್ತಕ ಎಳೆದುಕೊಂಡು ಐದಕ್ಕೆ ಐದು ಎಂದು ಬರೆದರು. ಅವರು ಐದು ಕೊಟ್ಟದ್ದನ್ನು ಆ ಕಾಲೇಜಿನಲ್ಲಿ ಕಂಡವರು ಕಡಿಮೆ. ಸಹಿ ಹಾಕುತ್ತಾ ಕೇಳಿದರು, "ಇದನ್ನ ಟೈಪ್ ಮಾಡಿದ ಘನಂದಾರಿಗೂ ನೀವೇ ಪೋಷಕರೋ?"

"ಏನ್ಮಾಡೋದು ಮೇಷ್ಟ್ರೇ. ಅವನನ್ನ ರದ್ದು ಮಾಡೋಕೆ ಯಾವ ಕೋರ್ಟಲ್ಲೂ ಆಗಲ್ವಂತೆ."

ಬಸ್ ನಿಲ್ದಾಣದಲ್ಲಿ ಗಾಳಿ ಕಿವಿ ಕಚ್ಚುತ್ತಿತ್ತು. ಸಿರ್ಗಾಕ್ ಅತ್ತಿಗೆಯ ಚೀಲ ಹೊತ್ತು ನಿಂತಿದ್ದ. ಅವಳು ಚೀಲದೊಳಗೆ ಕೈಹಾಕಿ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಬೂರ್ಸೋಕ್ ಒಂದನ್ನು ತೆಗೆದು ಅವನ ಬಾಯಿಗೆ ತುರುಕಿದಳು.

"ಅತ್ತಿಗೆ, ಸುಮ್ನೆ ಹೆಸರು ಓದಿಬಿಟ್ಟಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ."

"ಆ ಹೆಸರು ಹಾಜರಿ ಕೂಗೋಕೆ. ಅಗಿ, ಮಾತಾಡ್ಬೇಡ." ಶಾಲಿನ ತುದಿಯಿಂದ ಅವನ ಗಲ್ಲದ ಎಣ್ಣೆ ಒರೆಸಿದಳು. "ಚೀಟೀಲಿ ಅವರ ಹೆಸರಿಗೆ ಹಾಕಿದ ಕುದುರೆ ವಿಷಯ ಮಾವನೋರಿಗೆ ಯಾರು ಹೇಳೋದು? ಪರೀಕ್ಷೆ ಹೆಂಗಾಯ್ತು ಅಂತ ಹೊಸಿಲಲ್ಲೇ ಕೇಳ್ತಾರೆ."

ಸಿರ್ಗಾಕ್ ಅಗಿಯುವುದನ್ನು ನಿಲ್ಲಿಸಿದ. ಅಪ್ಪನ ಚಾವಟಿ ಬಾಗಿಲ ಪಕ್ಕದ ಮೊಳೆಯಲ್ಲೇ ಇರುತ್ತದೆ.

"ನಾನೇ ಹೇಳ್ತೀನಿ. ಅಪ್ಪಾ, ನೀವು ಮಾರಿದ ಕುದುರೆ ಕುಂಟ್ತಿತ್ತು..."

"ಕುಂಟ್ತಿರ್ಲಿಲ್ಲ" ಅಂದಳು ಅತ್ತಿಗೆ, ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾ. "ಪುರಾವೆ ಇಲ್ಲ."