ಬೀಗ ಬಿದ್ದ ಮಾತು

ಮೂರು ಟ್ಯಾಬ್‌ಗಳನ್ನೂ, ಎದುರು ಕೂತ ನನ್ನ ಮಗಳ ಬಾಯನ್ನೂ, ಮಾತು ಕಲಿಸುವ ಸ್ಪೀಚ್ ಮೇಷ್ಟ್ರು ಒಂದೇ ಬಟ್ಟೆಯಲ್ಲಿ ಒರೆಸಿದರು. ಬೆಳಗಿನಿಂದ ಬಂದುಹೋದ ಮಕ್ಕಳ ಜೊಲ್ಲೆಲ್ಲ ಅದರಲ್ಲೇ ಇತ್ತು. ಆದರೂ ಹಲ್ಲು ಕಚ್ಚಿ ಕೂತೆ. ಅರ್ಧ ದಿನ ರಜೆ ಹಾಕಿದ್ದೆ, ಇವತ್ತು ಮಗಳಿಗೊಂದು ಆ್ಯಪ್ ಆರಿಸಲೇಬೇಕಿತ್ತು. ಹನ್ನೊಂದು ವರ್ಷದವಳು; ಎಲ್ಲವೂ ಅರ್ಥವಾಗುತ್ತದೆ, ನಾಲಿಗೆ ಮಾತ್ರ ಏಳುವುದಿಲ್ಲ. ಪರದೆಯ ಮೇಲಿನ ಚಿತ್ರ ಒತ್ತಿದರೆ ಆ್ಯಪ್ ಅವಳ ಪರವಾಗಿ ಮಾತಾಡುತ್ತದೆ.

“ಮೊದಲನೇದ್ರಲ್ಲಿ ಚಿತ್ರಗಳು ತೀರಾ ಸಣ್ಣವು, ಎರಡನೇದು ನಿಧಾನ. ಮೂರನೇದು ನಮ್ಮ ಬಂಗಾರಿಗೆ ಹೇಳಿ ಮಾಡಿಸಿದ ಹಾಗಿದೆ. ಎರಡು ವಾರದಲ್ಲಿ ನೂರಾ ಹನ್ನೆರಡು ಸಲ ‘ಸರಿ’ ಅಂದಿದ್ದಾಳೆ!” ಎಂದರು ಮೇಷ್ಟ್ರು.

“ನೋಡಿದ್ಯಾ ನನ್ನ ಮೊಮ್ಮಗಳನ್ನ!” ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ ಹಿಗ್ಗಿದರು.

ನಾನು ಪರದೆ ನೋಡಿದೆ. ಸರಿ. ಬೇಕು. ಇನ್ನೂ ಬೇಕು. ಧನ್ಯವಾದ. ಮೂಲೆಯಲ್ಲೊಂದು ಚೌಕ ಬೂದುಬಣ್ಣಕ್ಕೆ ತಿರುಗಿತ್ತು.

“‘ಬೇಡ’ ಎಲ್ಲಿ ಸಾರ್?”

“ಅದಕ್ಕೆ ಬೀಗ ಹಾಕಿದ್ದೀವಿ ಮೇಡಂ. ದಿನವಿಡೀ ಅದನ್ನೇ ಕುಟ್ತಾ ಇದ್ಲು. ವರದಿ ಕೆಟ್ಟುಹೋಗುತ್ತೆ.”

“ಮನೇಲಿ ಬೇಡ ಅನ್ನೋಕೆ ನೀನೊಬ್ಬಳು ಇದ್ದೀಯಲ್ಲಮ್ಮ, ಸಾಲದಾ?” ಎಂದರು ಅತ್ತೆ.

ಮೈ ಉರಿಯಿತು. ಹಾಗಾದರೆ ಆ ಹೊಲಸು ಬಟ್ಟೆಯಲ್ಲಿ ಇವರು ಅವಳ ಬಾಯಿ ಒರೆಸಿದಾಗಲೂ ‘ಸರಿ’ಯೇ?

“ಯಾರನ್ನ ಕೇಳಿ ಹಾಕಿದ್ರಿ?”

ಮೇಷ್ಟ್ರು ಫೈಲು ತೆರೆದು ನನ್ನತ್ತ ನೂಕಿದರು. ಪೋಷಕರ ಅರ್ಜಿ. ‘ಮುಚ್ಚಿಡಬೇಕಾದ ಪದಗಳು’ ಎಂಬಲ್ಲಿ ನನ್ನದೇ ಅಕ್ಷರ: ಬೇಡ. ಊಟದ ಹೊತ್ತಿಗೆ ತುಂಬಾ ಹಟ, ಡ್ಯೂಟಿಗೆ ತಡವಾಗುತ್ತೆ. ಕೆಳಗೆ ಸಹಿ. ಬಸ್ಸಿನಲ್ಲಿ ನಿಂತೇ ತುಂಬಿಸಿರಬೇಕು, ಅಕ್ಷರ ಸೊಟ್ಟಸೊಟ್ಟ.

ಅವರ ಮುಖಕ್ಕೆ ಉಗಿಯಲು ಕೂಡಿಟ್ಟದ್ದನ್ನು ನುಂಗಿದೆ. ಕಹಿಯಾಗಿತ್ತು.

“ಬೀಗ ತೆಗೀರಿ.”

“ಆಮೇಲೆ ನನ್ನನ್ನ ಬೈಬಾರ್ದು.”

ಚೌಕಕ್ಕೆ ಕೆಂಪು ಬಂತು. ಮಗಳು ನೋಡಿದಳು, ಮುಟ್ಟಲಿಲ್ಲ. ಬೀಗ ಬಿದ್ದಾಗ ಒತ್ತಿ ಒತ್ತಿ ಸಾಕಾಗಿತ್ತೋ ಏನೋ.

“ಪಾಠ ಶುರು ಮಾಡೋಣ್ವಾ ಬಂಗಾರಿ?”

ಅವಳ ಬೆರಳು ಕೆಂಪು ಚೌಕಕ್ಕೆ ಹೋಯಿತು. “ಬೇಡ,” ಎಂದಿತು ಟ್ಯಾಬ್.

“ಅಜ್ಜಿ ಬಿಸ್ಕತ್ತು ತಿನ್ನಿಸ್ಲಾ ಪುಟ್ಟಾ?”

“ಬೇಡ.”

ಅತ್ತೆಯ ಮುಖ ಸಪ್ಪಗಾಯಿತು. ನನಗೆ ನಗು ತಡೆಯಲಾಗಲಿಲ್ಲ. “ಬಾರೇ, ಅಮ್ಮನ ಜೊತೆ ಮನೆಗೆ ಹೋಗೋಣ,” ಎಂದು ಭುಜ ಹಿಡಿದೆ.

ಅವಳು ನನ್ನನ್ನೇ ನೋಡುತ್ತ ಒತ್ತಿದಳು. ಬೇಡ. ಬೇಡ. ಬೇಡ.

“ನಾನು ಹೇಳಿರ್ಲಿಲ್ವಾ ಮೇಡಂ?”

ಕೈ ಹಿಂದಕ್ಕೆ ತೆಗೆದುಕೊಂಡೆ. “ಇದೇ ಆ್ಯಪ್ ಇರ್ಲಿ. ಹೀಗೇ ಇರ್ಲಿ,” ಎಂದೆ. ಆಮೇಲೆ ಅವಳಾಗಿ ಏಳುವವರೆಗೂ ಎದುರಿನ ಕುರ್ಚಿಯಲ್ಲಿ ಕಾಯುತ್ತ ಕೂತೆ.