ಮೂರು ಸಲ ಅಂಚು ಬಿಚ್ಚಿದ ಫ್ರಾಕು

"ಟೈಲರಮ್ಮಾ, ಇದೇನಿದು, ಈಗಷ್ಟೇ ಅಂಗಡಿಯಿಂದ ಇಳಿದು ಬಂದ ಹಾಗಿದೆಯಲ್ಲ!" ನಿರ್ದೇಶಕಿ ನೀಲಿ ಫ್ರಾಕಿನ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಹುಡುಗಿ ಬೆಳೆದ ಹಾಗೆಲ್ಲ ಅಂಚು ಬಿಚ್ಚಿ ಬಿಚ್ಚಿ ಉದ್ದ ಮಾಡಿದ ಫ್ರಾಕು ಅಂತ ನಮ್ಮ ಸಿನಿಮಾದ ಕಾದಂಬರಿಯಲ್ಲೇ ಇದೆ. ಹಳೇ ಮಡಿಕೆಯ ಗೆರೆ ಎಲ್ಲಿ?"

ಹೇಳಿದ ಹಾಗೆ ಟೈಲರಮ್ಮ ಹೊಸ ಬಟ್ಟೆಯ ಅಂಚನ್ನು ಮೂರು ಸಲ ಮಡಿಸಿ ಬಿಚ್ಚಿದ್ದಳು, ಗೆರೆಯೂ ಬಿದ್ದಿದ್ದವು. ಬೆಳಿಗ್ಗೆ ವಿನೆಗರ್ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹಾಸಿ, ಇಸ್ತ್ರಿ ಒತ್ತಿ ಒತ್ತಿ ಅವನ್ನು ತೆಗೆದವಳು ಅವಳೇ. ಇಪ್ಪತ್ತು ವರ್ಷದ ಕಸುಬಿನಲ್ಲಿ ಹಳೇ ಗೆರೆ ಕಾಣುವ ಬಟ್ಟೆಯನ್ನು ಅವಳು ಯಾರ ಕೈಗೂ ಕೊಟ್ಟವಳಲ್ಲ.

"ನಾಲ್ಕು ಗಂಟೆಗೆ ಈ ಬಿಸಿಲು ಹೋಗುತ್ತೆ. ಅಷ್ಟರಲ್ಲಿ ಸರಿಹೋಗದಿದ್ರೆ ಉಳಿದ ಬಟ್ಟೆಗೆಲ್ಲ ಬೇರೆಯವರನ್ನ ನೋಡ್ಬೇಕಾಗುತ್ತೆ," ಎಂದು ನಿರ್ದೇಶಕಿ ಹೊರಟುಹೋದಳು.

ಉಳಿದದ್ದು ಹದಿನೆಂಟು ಉಡುಪು. ಸಿನಿಮಾಕ್ಕೆ ಹೊಲಿಯುತ್ತಿದ್ದೇನೆಂದು ಬೀದಿಗೆಲ್ಲ ಡಂಗುರ ಹೊಡೆದಾಗಿತ್ತು. ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದ ಮಗಳು ಕಿಸಕ್ಕೆಂದಳು. ಹದಿನಾಲ್ಕಕ್ಕೇ ತಾಯಿಯನ್ನು ಮೀರಿ ಬೆಳೆದ ಅವಳನ್ನು ಎಲ್ಲರೂ ಕರೆಯುವುದು ಏಣಿ ಎಂದೇ.

"ಪುಸ್ತಕ ಓದಮ್ಮ ಅಂತ ಎಷ್ಟು ಬಡ್ಕೊಂಡೆ. ಓದಿದ್ಯಾ?"

"ಹೊಲಿಯೋಳು ನಾನು, ಓದೋಳು ನೀನು. ಹಲ್ಲು ಕಿರಿಯೋದು ಬಿಟ್ಟು ಇಸ್ತ್ರಿ ತಾ."

ಟೈಲರಮ್ಮ ಫ್ರಾಕನ್ನು ಮಡಿಸಿ ಮೂರು ಗೆರೆ ಒತ್ತಿದಳು. ಏಣಿ ತಲೆ ಓರೆ ಮಾಡಿ ನೋಡಿದಳು.

"ಊಹೂಂ. ಸ್ಕೇಲು ಇಟ್ಟು ಎಳೆದ ಹಾಗಿದೆ. ಕಾಣೋದು ಗೆರೆ ಅಲ್ಲಮ್ಮ, ಬಣ್ಣ. ಒಳಗೆ ಮಡಿಸಿದ್ದ ಬಟ್ಟೆ ಬಿಸಿಲೇ ಕಂಡಿರಲ್ಲ. ಗೆರೆಯಿಂದ ಮೇಲಿನದು ಮಾಸಿರುತ್ತೆ, ಕೆಳಗಿನದು ಹೊಸದರ ಹಾಗೆ ಹೊಳೀತಿರುತ್ತೆ. ಅದಕ್ಕೇ ದೂರದಿಂದ್ಲೂ ಗೊತ್ತಾಗೋದು."

ಇಸ್ತ್ರಿ ಹಿಡಿದ ಟೈಲರಮ್ಮನ ಕೈ ಫ್ರಾಕಿನ ಮೇಲೇ ನಿಂತಿತು. ಮಗಳ ಶಾಲೆಯ ಲಂಗವನ್ನು ಅವಳು ವರ್ಷಕ್ಕೊಮ್ಮೆ ಹೀಗೇ ಅಂಚು ಬಿಚ್ಚಿ ಇಳಿಸಿದ್ದಳು, ಯಾರಿಗೂ ತಿಳಿಯದ ಹಾಗೆ ಇಳಿಸಿದ್ದೇನೆಂಬ ಹೆಮ್ಮೆಯಿಂದ.

"ಕಾಣ್ತಿತ್ತಾ?"

"ಇಡೀ ಕ್ಲಾಸಿಗೆ! ಗೆರೆ ಎಣಿಸಿ ನನ್ನ ವಯಸ್ಸು ಹೇಳೋರು."

"ನಂಗೆ ಹೇಳ್ಬಾರದಿತ್ತೇನೇ?"

"ಹೇಳಿದ್ರೆ ನೀನು ನಿದ್ದೆಗೆಟ್ಟು ಇನ್ನೊಂದು ಹೊಲೀತಿದ್ದೆ. ಅಯ್ಯೋ ಅಮ್ಮಾ, ಬಟ್ಟೆ ಸುಡುತ್ತೆ, ಇಸ್ತ್ರಿ ಎತ್ತು!"

ಆಮೇಲೆ ಆಜ್ಞೆಯೆಲ್ಲ ಏಣಿಯದು. ಸಿನಿಮಾ ಸೆಟ್ಟಿನ ಬಡಗಿಯ ಹತ್ತಿರ ಮರ ಉಜ್ಜುವ ಉಪ್ಪುಕಾಗದ ಇಸ್ಕೊಂಡು ಬಂದು ಮಡಿಕೆಯ ಗೆರೆಯನ್ನು ಸವೆಸಿದಳು. "ಇಲ್ಲಿ ಮಾಸಬೇಕು, ಬ್ಲೀಚ್ ನೀರು ಹಚ್ಚು. ಅಲ್ಲಿ ಬೇಡ. ಸಾಕು, ಅಷ್ಟೊಂದು ಬೇಡಮ್ಮ, ಪುಸ್ತಕದ ಹುಡುಗಿ ಏನು ಭಿಕ್ಷೆ ಬೇಡೋಳಲ್ಲ!" ಮಗಳು ಹೇಳಿದ್ದನ್ನೆಲ್ಲ ತಾಯಿ ಮಾಡಿದಳು. ಒಮ್ಮೆ ಕಣ್ಣೊರೆಸಿಕೊಂಡು, ಬ್ಲೀಚಿನ ಘಾಟು ಎಂದಳು.

ಮೂರೂವರೆಗೆ ನಾಯಕಿಯ ಪಾತ್ರದ ಹುಡುಗಿ ಫ್ರಾಕು ತೊಟ್ಟು ನಿಂತಳು. ನಿರ್ದೇಶಕಿ ಮಂಡಿಯೂರಿ ಅಂಚಿನ ಮೇಲೆ ಬೆರಳಾಡಿಸಿದಳು.

"ಇದನ್ನ ಯಾರು ಮಾಡಿದ್ದು?"

"ನನ್ನ ಮಗಳು, ಮೇಡಂ."

"ಉಳಿದ ಹದಿನೆಂಟು ಉಡುಪಿಗೂ ಇಬ್ಬರೂ ಬನ್ನಿ. ಆದ್ರೆ ಈ ಸಲ ಪುಸ್ತಕ ಓದ್ಕೊಂಡು ಬನ್ನಿ, ಟೈಲರಮ್ಮ."

"ಓದ್ತಾಳೆ ಮೇಡಂ, ನಾನು ಎದುರಿಗೇ ಕೂತು ಓದಿಸ್ತೀನಿ," ಎಂದಳು ಏಣಿ. ಎಲ್ಲರೂ ನಕ್ಕರು. ಟೈಲರಮ್ಮ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಫ್ರಾಕಿನ ಸೊಂಟ ಬಿಗಿ ಮಾಡತೊಡಗಿದಳು.

ನಾಯಕಿ ಮಾತ್ರ ನಗಲಿಲ್ಲ. ಏಣಿಯ ಕಿವಿಗೆ ಬಾಯಿಟ್ಟು, "ಇದನ್ನ ಹಾಕ್ಕೊಂಡು ಹೇಗೆ ನಿಲ್ಲೋದೇ?" ಎಂದಳು.

"ನಿಲ್ಲಲೇಬಾರದು. ನಿಂತ್ರೆ ಗೆರೆ ಎಣಿಸ್ತಾರೆ. ಓಡಬೇಕು. ಹೀಗೆ!"

ಏಣಿ ಅವಳ ಕೈ ಹಿಡಿದೆಳೆದಳು. ಇಬ್ಬರೂ ಎರಡೆರಡು ಮೆಟ್ಟಿಲು ಹಾರಿ ಅಂಗಳದ ಬಿಸಿಲಿಗೆ ನುಗ್ಗಿದರು. "ಶಾಟ್ ತಗೋ, ತಗೋ!" ಎಂದು ನಿರ್ದೇಶಕಿ ಕಿರುಚಿದಳು, ಕ್ಯಾಮೆರಾದವನು ಎದ್ದೆನೋ ಬಿದ್ದೆನೋ ಎಂದು ಹಿಂದೆ ಓಡಿದ. ನಿಧಾನ, ಬಿದ್ದುಗಿದ್ದೀರಿ ಎಂದು ಟೈಲರಮ್ಮ ಕೂಗಬೇಕು. ಕೂಗೋಣವೆಂದರೆ ಬಾಯಿತುಂಬ ಗುಂಡುಸೂಜಿ.